ಸಿಫಿಯೋ ಸಿಫ್ಫಿಯೋ: ಹೆಸರಿನ ಹೊಲಕ್ಕೆ ಒಡೆಯ ಯಾರು?

ಐವರು ಪ್ರವರ್ತಕರು ತಮ್ಮ ಹೆಸರುಗಳ ಮೊದಲ ಅಕ್ಷರಗಳನ್ನು ಜೋಡಿಸಿ ಕಂಪನಿಗೆ ಹೆಸರಿಟ್ಟೆವು ಎಂದು ನ್ಯಾಯಾಲಯಕ್ಕೆ ಹೇಳಿದರು. ಎಸ್, ಐ, ಎಫ್, ಇನ್ನೊಂದು ಎಫ್, ವೈ. ಕೂಡಿಸಿದರೆ ‘ಸಿಫ್ಫಿ’. ನಮ್ಮಲ್ಲಿ ಇದೇನೂ ವಿಚಿತ್ರವಲ್ಲ. ಅಪ್ಪ ಅಮ್ಮನ ಹೆಸರಿನ ಅರ್ಧರ್ಧ ಸೇರಿಸಿ ಮಗುವಿಗೆ ಹೆಸರಿಡುವವರು, ಮಕ್ಕಳ ಹೆಸರಿನ ತುಣುಕು ಕೂಡಿಸಿ ಬೇಕರಿಗೆ ಬೋರ್ಡು ಬರೆಸುವವರು ಪ್ರತಿ ಬಡಾವಣೆಯಲ್ಲೂ ಸಿಗುತ್ತಾರೆ. ತೊಂದರೆ ಏನೆಂದರೆ, ಒಂದು ‘ಎಫ್’ ಕಡಿಮೆ ಇರುವ ಅದೇ ಹೆಸರಿನ ದೊಡ್ಡ ಕಂಪನಿಯೊಂದು ಆಗಲೇ ಇತ್ತು. ಸತ್ಯಂ ಇನ್ಫೋವೇ ಎಂಬ ತನ್ನ ಹೆಸರಿನ ತುಂಡುಗಳಿಂದಲೇ ಅದು ‘ಸಿಫಿ’ ಎಂಬ ಪದವನ್ನು ಟಂಕಿಸಿಕೊಂಡಿತ್ತು. ಬೆಂಗಳೂರಿನ ಸಿಟಿ ಸಿವಿಲ್ ಕೋರ್ಟಿನಲ್ಲಿ ಶುರುವಾದ ಈ ಜಗಳ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಇಂಟರ್ನೆಟ್ಟಿನ ಹೆಸರಿಗೆ ಒಡೆಯ ಯಾರು ಎಂಬ ಪ್ರಶ್ನೆಗೆ ನಮ್ಮ ದೇಶದ ಉತ್ತರ ಇಂದಿಗೂ ಅದೇ ತೀರ್ಪಿನ ಮೇಲೆ ನಿಂತಿದೆ.

ಆ ತೀರ್ಪನ್ನು ನಾನು ಮೊದಲು ಓದಿದ್ದು ಬರೀ ಕುತೂಹಲಕ್ಕೆ. ಸಿಫಿಯವರ ಐವೇ ಸೈಬರ್ ಕೆಫೆಗಳ ಕಾಲದ ಬೆಂಗಳೂರನ್ನು ಕಂಡವರಿಗೆ ಆ ಹೆಸರಿನ ಮೇಲೆ ಒಂದು ಬಗೆಯ ಮಮತೆ ಇರುತ್ತದೆ. ಆದರೆ ಓದುತ್ತಾ ಹೋದಂತೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಕಂಪನಿಗಳ ಕಥೆಯಲ್ಲ, ಕರ್ನಾಟಕಕ್ಕೆ ಬಹಳ ಪರಿಚಿತವಾದ ಇನ್ನೊಂದು ಪ್ರಶ್ನೆ. ಮೊದಲು ಕಲ್ಲು ನೆಟ್ಟವನು ಒಡೆಯನೋ, ಉತ್ತು ಬಿತ್ತಿದವನು ಒಡೆಯನೋ? ಅದಕ್ಕೆ ಬರುವ ಮೊದಲು ಈ ಹೊಲ ಹುಟ್ಟಿದ ಬಗೆಯನ್ನು ಹೇಳಬೇಕು.

ಮೊದಲಿಗೆ ಅಲ್ಲಿ ಬೇಲಿಯೇ ಇರಲಿಲ್ಲ. 1970ರ ದಶಕದಲ್ಲಿ ಅಮೆರಿಕದ ಆರ್ಪಾನೆಟ್ ಜಾಲಕ್ಕೆ ಸೇರಿದ ಕಂಪ್ಯೂಟರುಗಳ ಹೆಸರೆಲ್ಲ ಒಂದೇ ಕಡತದಲ್ಲಿದ್ದವು. ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿ ಎಲಿಜಬೆತ್ ಫೀನ್ಲರ್ ಎಂಬ ಮಹಿಳೆಯ ತಂಡ ಆ ಪಟ್ಟಿಯನ್ನು ನೋಡಿಕೊಳ್ಳುತ್ತಿತ್ತು. ಹೊಸ ಕಂಪ್ಯೂಟರು ಬಂದರೆ ಅವರಿಗೆ ತಿಳಿಸಬೇಕು, ಅವರು ಬರೆದುಕೊಳ್ಳುತ್ತಾರೆ, ಅಷ್ಟೇ. ಊರಿನ ಶಾನುಭೋಗರ ಕಿರ್ದಿ ಇದ್ದ ಹಾಗೆ. ಕಿರ್ದಿ ಉದ್ದವಾದಾಗ, 1983ರಲ್ಲಿ ಪಾಲ್ ಮೊಕಾಪೆಟ್ರಿಸ್ ಎಂಬಾತ ಹೆಸರುಗಳನ್ನು ಕೊಂಬೆ ಕೊಂಬೆಯಾಗಿ ಹಂಚುವ ಡೊಮೈನ್ ವ್ಯವಸ್ಥೆಯನ್ನು ರೂಪಿಸಿದ. ಮೊದಲ ಡಾಟ್ ಕಾಂ ಹೆಸರು ನೋಂದಣಿಯಾದದ್ದು 1985ರ ಮಾರ್ಚ್ 15ರಂದು, ಸಿಂಬಾಲಿಕ್ಸ್ ಎಂಬ ಕಂಪ್ಯೂಟರ್ ಕಂಪನಿಗೆ. ಆ ದಿನಗಳಲ್ಲಿ ಹೆಸರಿಗೆ ಕಾಸು ಕೊಡಬೇಕಾಗಿರಲಿಲ್ಲ, ಕೇಳಿದರೆ ಸಾಕಿತ್ತು.

ಈ ವ್ಯವಸ್ಥೆಯ ಹಿರಿಯಣ್ಣ ಜಾನ್ ಪೋಸ್ಟಲ್. ಉದ್ದ ಗಡ್ಡದ ಈ ಮನುಷ್ಯ ಯಾವ ದೇಶಕ್ಕೆ ಯಾವ ಎರಡಕ್ಷರ, ಅದನ್ನು ಯಾರು ನೋಡಿಕೊಳ್ಳಬೇಕು ಎಂಬುದನ್ನೆಲ್ಲ ಬಹುಪಾಲು ತನ್ನ ವಿವೇಚನೆಯಿಂದಲೇ ನಡೆಸುತ್ತಿದ್ದ. 1994ರ ಮಾರ್ಚಿನಲ್ಲಿ ಆತ ಬರೆದ ಒಂದು ಪುಟ್ಟ ದಾಖಲೆ ಇದೆ. ಡೊಮೈನುಗಳ ವಿಚಾರದಲ್ಲಿ ಹಕ್ಕು, ಒಡೆತನ ಎಂಬ ಮಾತೇ ಸಲ್ಲದು, ಹೊಣೆ ಮತ್ತು ಸೇವೆಯ ಮಾತಾಡಬೇಕು ಎನ್ನುವುದು ಅದರ ತಾತ್ಪರ್ಯ. ಇಬ್ಬರು ಒಂದೇ ಹೆಸರಿಗೆ ಕಿತ್ತಾಡಿದರೆ? ನೋಂದಣಿ ಮಾಡುವವರು ಇಬ್ಬರಿಗೂ ಪರಸ್ಪರರ ವಿಳಾಸ ಕೊಟ್ಟು ಸುಮ್ಮನಿರಬೇಕು. ಅದಕ್ಕಿಂತ ಹೆಚ್ಚಿನ ಪಾತ್ರ ಅವರಿಗಿಲ್ಲ. ಎಲ್ಲರೂ ಪರಿಚಿತರಾಗಿದ್ದ ಪುಟ್ಟ ಊರಿನ ನ್ಯಾಯ ಅದು. ಊರು ಪುಟ್ಟದಾಗಿ ಉಳಿಯಲಿಲ್ಲ.

ಅದೇ 1994ರಲ್ಲಿ ಜೋಷುವಾ ಕ್ವಿಟ್ನರ್ ಎಂಬ ಪತ್ರಕರ್ತ ಮೆಕ್‌ಡೊನಾಲ್ಡ್ಸ್ ಡಾಟ್ ಕಾಂ ಇನ್ನೂ ಖಾಲಿ ಇರುವುದನ್ನು ಕಂಡ. ಕಂಪನಿಗೆ ಫೋನ್ ಮಾಡಿ, ನಿಮಗೆ ಈ ಹೆಸರು ಬೇಡವೇ ಎಂದು ವಿಚಾರಿಸಿದ. ಅಲ್ಲಿದ್ದವರಿಗೆ ಆತ ಏನು ಕೇಳುತ್ತಿದ್ದಾನೆ ಎಂಬುದೇ ತಿಳಿಯಲಿಲ್ಲ. ಕೊನೆಗೆ ತಾನೇ ನೋಂದಾಯಿಸಿಕೊಂಡು, ಈಗ ಇದನ್ನು ಏನು ಮಾಡಲಿ ಹೇಳಿ ಎಂದು ‘ವೈರ್ಡ್’ ಪತ್ರಿಕೆಯಲ್ಲಿ ಓದುಗರನ್ನೇ ಕೇಳಿದ. ಕಂಪನಿ ಎಚ್ಚೆತ್ತ ಮೇಲೆ ಆತ ದುಡ್ಡು ಕೇಳಲಿಲ್ಲ. ನ್ಯೂಯಾರ್ಕಿನ ಒಂದು ಸರ್ಕಾರಿ ಶಾಲೆಗೆ ವೇಗದ ಇಂಟರ್ನೆಟ್ ಹಾಕಿಸಿಕೊಡಿ ಎಂದ. 3,500 ಡಾಲರಿನಲ್ಲಿ ವ್ಯವಹಾರ ಮುಗಿಯಿತು.

ಎಲ್ಲರೂ ಕ್ವಿಟ್ನರ್ ಆಗಿರಲಿಲ್ಲ. ಇಲಿನಾಯ್ ರಾಜ್ಯದ ಡೆನ್ನಿಸ್ ಟೊಪ್ಪೆನ್ ಎಂಬಾತ ಸಿನಿಮಾ ಕ್ಯಾಮೆರಾ ತಯಾರಿಸುವ ಪ್ಯಾನಾವಿಷನ್ ಕಂಪನಿಯ ಹೆಸರನ್ನು ಹಿಡಿದುಕೊಂಡು, ಅಲ್ಲಿ ಪ್ಯಾನಾ ಎಂಬ ಸಣ್ಣ ಊರಿನ ವೈಮಾನಿಕ ಚಿತ್ರಗಳನ್ನು ಹಾಕಿದ. ಹೆಸರಿಗೂ ಊರಿಗೂ ತಾಳೆಯಾಯಿತಲ್ಲ! ಬಿಟ್ಟುಕೊಡಲು ಕೇಳಿದ್ದು 13,000 ಡಾಲರು. ಕಂಪನಿ ಒಪ್ಪದಿದ್ದಾಗ ಅವರದೇ ಇನ್ನೊಂದು ಹೆಸರಾದ ಪ್ಯಾನಾಫ್ಲೆಕ್ಸನ್ನೂ ನೋಂದಾಯಿಸಿ, ಆ ಪುಟದಲ್ಲಿ ‘ಹಲೋ’ ಎಂಬ ಒಂದೇ ಪದ ಬರೆದಿಟ್ಟ. 1998ರಲ್ಲಿ ಮೇಲ್ಮನವಿ ನ್ಯಾಯಾಲಯ ಅವನ ವಿರುದ್ಧ ತೀರ್ಪು ಕೊಟ್ಟಿತು. ಇಂಥವರಿಗೆ ‘ಸೈಬರ್ ಸ್ಕ್ವಾಟರ್’ ಎಂದು ಹೆಸರು ಬಿತ್ತು. ಖಾಲಿ ಸೈಟಿನಲ್ಲಿ ರಾತ್ರೋರಾತ್ರಿ ಶೀಟಿನ ಶೆಡ್ಡು ಹಾಕಿ ಕೂರುವುದನ್ನು ಕಂಡಿರುವ ಬೆಂಗಳೂರಿಗರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಹಾಗೆಂದು ಎದುರು ಪಕ್ಷದವರೆಲ್ಲ ಸಾಧುಗಳೂ ಅಲ್ಲ. ಡಾಟ್ ಕಾಂ ನೋಂದಣಿಯ ಗುತ್ತಿಗೆ ಪಡೆದಿದ್ದ ನೆಟ್‌ವರ್ಕ್ ಸಲ್ಯೂಷನ್ಸ್ ಕಂಪನಿ 1995ರಲ್ಲಿ ಹೆಸರಿಗೆ ವರ್ಷಕ್ಕೆ 50 ಡಾಲರ್ ಶುಲ್ಕ ಹಾಕಿತು. ಜೊತೆಗೆ ಒಂದು ವ್ಯಾಜ್ಯ ನೀತಿಯನ್ನೂ ತಂದಿತು. ಟ್ರೇಡ್‌ಮಾರ್ಕ್ ಪತ್ರ ತೋರಿಸಿದವರ ದೂರಿನ ಮೇಲೆ ಎದುರಾಳಿಯ ಹೆಸರನ್ನು ತಡೆಹಿಡಿಯಬಹುದು ಎಂಬುದು ಅದರ ಸಾರ. ನ್ಯೂ ಮೆಕ್ಸಿಕೋದ ರೋಡ್‌ರನ್ನರ್ ಕಂಪ್ಯೂಟರ್ ಸಿಸ್ಟಮ್ಸ್ ಎಂಬ ಚಿಕ್ಕ ಇಂಟರ್ನೆಟ್ ಕಂಪನಿಗೆ ಕಾರ್ಟೂನ್ ಹಕ್ಕಿಯ ಒಡೆಯರಾದ ವಾರ್ನರ್ ಬ್ರದರ್ಸ್ ದೂರಿನಿಂದ ಇಂಥ ಪತ್ರ ಬಂತು. ರೋಡ್‌ರನ್ನರ್ ನ್ಯೂ ಮೆಕ್ಸಿಕೋದ ರಾಜ್ಯಪಕ್ಷಿ; ಅಲ್ಲಿ ಆ ಹೆಸರಿಡುವುದು ನಮ್ಮಲ್ಲಿ ನೀಲಕಂಠ ಎಂದು ಹೆಸರಿಟ್ಟಷ್ಟೇ ಸಹಜ. ಅವರು ಹೂಡಿದ ಉಪಾಯ ನೋಡಿ: ಟ್ರೇಡ್‌ಮಾರ್ಕ್ ಪತ್ರ ತಾನೇ ಬೇಕಾದದ್ದು, ಅದು ಬೇಗ ಸಿಗುವ ದೇಶ ಯಾವುದು? ಟ್ಯುನೀಷಿಯಾ! ಉತ್ತರ ಆಫ್ರಿಕಾದ ಆ ದೇಶದಲ್ಲಿ ರೋಡ್‌ರನ್ನರ್ ಹೆಸರನ್ನು ನೋಂದಾಯಿಸಿಕೊಂಡು ಬಂದರು, ಕೋರ್ಟಿಗೂ ಹೋದರು. ಹೆಸರು ಅವರಲ್ಲೇ ಉಳಿಯಿತು.

ಮಕ್ಕಳನ್ನೂ ಬಿಡಲಿಲ್ಲ. ಪೋಕಿ ಎಂಬ ಅಡ್ಡಹೆಸರಿನ 12 ವರ್ಷದ ಹುಡುಗನ ಪುಟಕ್ಕೆ ಅದೇ ಹೆಸರಿನ ಗೊಂಬೆ ಕುದುರೆಯ ಹಕ್ಕುದಾರರಿಂದ ವಕೀಲರ ಪತ್ರ ಬಂತು. ವೆರೋನಿಕಾ ಎಂಬ ಪುಟ್ಟ ಮಗುವಿಗಾಗಿ ಅಪ್ಪ ಮಾಡಿಸಿದ್ದ ಹೆಸರಿಗೆ ಆರ್ಚಿ ಕಾಮಿಕ್ಸ್‌ನವರು ನೋಟಿಸು ಕಳಿಸಿದರು. ಎರಡರಲ್ಲೂ ಜನರ ಛೀಮಾರಿಗೆ ಹೆದರಿ ದೊಡ್ಡವರು ಹಿಂದೆ ಸರಿದರು. ಕಾನೂನಿಗಿಂತ ನಾಚಿಕೆ ಬೇಗ ಕೆಲಸ ಮಾಡಿದ ಅಪರೂಪದ ಪ್ರಸಂಗಗಳಿವು.

ಒಡೆತನ ಎಂಬ ಮಾತೇ ಸಲ್ಲದು ಎಂದಿದ್ದ ಪೋಸ್ಟಲ್‌ನ ನಂಬಿಕೆಗೆ ಕೊನೆಯ ಮೊಳೆ ಹೊಡೆದದ್ದು ಒಂದು ಕಳ್ಳತನ. 1994ರಲ್ಲಿ ಗ್ಯಾರಿ ಕ್ರೆಮೆನ್ ಎಂಬಾತ ಸೆಕ್ಸ್ ಡಾಟ್ ಕಾಂ ಎಂಬ ಹೆಸರನ್ನು ಪುಕ್ಕಟೆಯಾಗಿ ನೋಂದಾಯಿಸಿ ಸುಮ್ಮನೆ ಇಟ್ಟುಕೊಂಡಿದ್ದ. ಅದು ಆನ್‌ಲೈನ್ ಕ್ಲಾಸಿಫೈಡ್ಸ್ ಎಂಬ ಅವನ ಕಂಪನಿಯ ಹೆಸರಿನಲ್ಲಿತ್ತು. ಜೈಲಿನಿಂದ ಹೊರಬಂದಿದ್ದ ಸ್ಟೀಫನ್ ಕೋಹೆನ್ ಎಂಬಾತ ಒಂದು ನಕಲಿ ಪತ್ರ ಸೃಷ್ಟಿಸಿದ. ಕ್ರೆಮೆನ್‌ನನ್ನು ಕೆಲಸದಿಂದ ತೆಗೆದಿದ್ದೇವೆ, ನಮಗೆ ಈ ಹೆಸರು ಬೇಡ, ನಮ್ಮಲ್ಲಿ ಇಂಟರ್ನೆಟ್ ಸಂಪರ್ಕ ಇಲ್ಲವಾದ್ದರಿಂದ ಪತ್ರದ ಮೂಲಕ ತಿಳಿಸುತ್ತಿದ್ದೇವೆ ಎಂದು ಆ ಕಂಪನಿಯೇ ಬರೆದಂತಿತ್ತು. ಆನ್‌ಲೈನ್ ಎಂದು ಹೆಸರಿಟ್ಟುಕೊಂಡ ಕಂಪನಿಗೆ ಇಂಟರ್ನೆಟ್ ಇಲ್ಲವಂತೆ! ನೋಂದಣಿ ಕಂಪನಿ ಒಂದು ಫೋನ್ ಕೂಡ ಮಾಡದೆ ಹೆಸರನ್ನು ಕೋಹೆನ್‌ಗೆ ಬದಲಾಯಿಸಿತು. ಆತ ಅದರಲ್ಲಿ ಕೋಟಿಗಟ್ಟಲೆ ದುಡಿದ. ವರ್ಷಗಳ ಹೋರಾಟದ ನಂತರ ಹೆಸರು ಕ್ರೆಮೆನ್‌ಗೆ ಮರಳಿತು, ಜೊತೆಗೆ 6.5 ಕೋಟಿ ಡಾಲರ್ ಪರಿಹಾರದ ಆದೇಶವೂ ಬಂತು. ಅಷ್ಟರಲ್ಲಿ ಕೋಹೆನ್ ದೇಶ ಬಿಟ್ಟು ಓಡಿದ್ದ. ಕೈಗೆ ಸಿಗದವನನ್ನು ಬಿಟ್ಟು ಕ್ರೆಮೆನ್ ನೋಂದಣಿ ಕಂಪನಿಯನ್ನು ಹಿಡಿದ. 2003ರಲ್ಲಿ ಮೇಲ್ಮನವಿ ನ್ಯಾಯಾಲಯ ಅವನ ಪರವಾಗಿ, ಡೊಮೈನ್ ಹೆಸರೂ ಒಂದು ಸ್ವತ್ತೇ, ಅದನ್ನು ಕಂಡವರಿಗೆ ಕೊಟ್ಟರೆ ಕೊಟ್ಟವರು ಹೊಣೆಗಾರರು ಎಂದಿತು. ಈ ಕಥೆಯಲ್ಲಿ ನನಗೆ ಯಾರ ಮೇಲೂ ವಿಶೇಷ ಕನಿಕರವಿಲ್ಲ. ಆದರೆ ಹಾಳೆಯ ಮೇಲಿನ ಒಂದು ಸಾಲನ್ನು ಸ್ವತ್ತು ಎಂದು ಒಪ್ಪಲು ನ್ಯಾಯಾಲಯಕ್ಕೆ ಇಂಥ ಹೆಸರೇ ಸಿಕ್ಕಿತಲ್ಲ ಎಂದು ನಗು ಬರುತ್ತದೆ.

ಪ್ರತಿ ಜಗಳಕ್ಕೂ ಕೋರ್ಟು ಹತ್ತುವುದು ಆಗದ ಮಾತು. ಹೆಸರು ಹಿಡಿದವನು ಒಂದು ದೇಶದಲ್ಲಿ, ಟ್ರೇಡ್‌ಮಾರ್ಕ್ ಇನ್ನೊಂದರಲ್ಲಿ, ನೋಂದಣಿದಾರ ಮೂರನೆಯದರಲ್ಲಿ. 1998ರಲ್ಲಿ ಐಕ್ಯಾನ್ ಎಂಬ ಸಂಸ್ಥೆ ಹುಟ್ಟಿತು. ಅದೇ ಅಕ್ಟೋಬರಿನಲ್ಲಿ ಪೋಸ್ಟಲ್ ತೀರಿಕೊಂಡ. 1999ರಲ್ಲಿ ಐಕ್ಯಾನ್ ಏಕರೂಪದ ವ್ಯಾಜ್ಯ ಪರಿಹಾರ ನೀತಿಯೊಂದನ್ನು ಜಾರಿಗೆ ತಂದಿತು. ಡಾಟ್ ಕಾಂ ಕೊಳ್ಳುವ ಪ್ರತಿಯೊಬ್ಬರೂ ಓದದೆಯೇ ಒಪ್ಪಿಕೊಳ್ಳುವ ಕರಾರಿನೊಳಗೆ ಅದನ್ನು ಸೇರಿಸಿದ್ದೇ ಜಾಣತನ. ದೂರುದಾರ ಮೂರನ್ನು ತೋರಿಸಬೇಕು: ಆ ಹೆಸರು ತನ್ನ ಟ್ರೇಡ್‌ಮಾರ್ಕಿನಂತೆಯೇ ಇದೆ ಅಥವಾ ಗೊಂದಲವಾಗುವಷ್ಟು ಹೋಲುತ್ತದೆ, ಹಿಡಿದವನಿಗೆ ಅದರ ಮೇಲೆ ನ್ಯಾಯವಾದ ಹಿತಾಸಕ್ತಿ ಇಲ್ಲ, ಮತ್ತು ಆತ ದುರುದ್ದೇಶದಿಂದ ನೋಂದಾಯಿಸಿ ಬಳಸುತ್ತಿದ್ದಾನೆ. ಸಾಕ್ಷಿಗಳ ಪಾಟೀಸವಾಲಿಲ್ಲ, ಪರಿಹಾರದ ಹಣವಿಲ್ಲ. ಕಾಗದ ನೋಡಿ ಪಂಚರು ಹೇಳುತ್ತಾರೆ: ಹೆಸರು ಅವನಲ್ಲೇ ಇರಲಿ, ಅಥವಾ ಇವನಿಗೆ ಹೋಗಲಿ, ಇಲ್ಲವೇ ರದ್ದಾಗಲಿ.

ಈ ಕಟ್ಟೆಗೆ ಬಂದ ಮೊದಲ ದೂರು ನಮ್ಮ ಕೇಬಲ್ ಟೀವಿ ತಲೆಮಾರಿಗೆ ಚೆನ್ನಾಗಿ ಗೊತ್ತಿರುವವರದು. ಕ್ಲಾಸಿನಲ್ಲಿ ಮೇಷ್ಟರ ಕಣ್ಣು ತಪ್ಪಿಸಿ ಕಾರ್ಡು ಆಡುತ್ತಿದ್ದೆವಲ್ಲ, ಆ ಡಬ್ಲ್ಯುಡಬ್ಲ್ಯುಎಫ್. 1999ರ ಅಕ್ಟೋಬರಿನಲ್ಲಿ ಕ್ಯಾಲಿಫೋರ್ನಿಯಾದ ಒಬ್ಬಾತ ವರ್ಲ್ಡ್ ರೆಸ್ಲಿಂಗ್ ಫೆಡರೇಷನ್ ಎಂಬ ಪೂರ್ತಿ ಹೆಸರನ್ನು ನೋಂದಾಯಿಸಿ, ಮೂರು ದಿನಗಳಲ್ಲಿ ಕುಸ್ತಿ ಕಂಪನಿಗೆ ಪತ್ರ ಬರೆದ: 1,000 ಡಾಲರ್ ಕೊಟ್ಟರೆ ನಿಮಗೆ ಮಾರುತ್ತೇನೆ. ಆತ ಅಲ್ಲಿ ಒಂದು ಪುಟವನ್ನೂ ತೆರೆದಿರಲಿಲ್ಲ. ಹಾಗಿದ್ದರೆ ‘ಬಳಸಿದ’ ಎನ್ನುವುದು ಹೇಗೆ? ಮಾರಲು ಹೊರಟದ್ದೇ ಬಳಕೆ ಎಂದರು ಪಂಚರು. 2000ದ ಜನವರಿಯಲ್ಲಿ ಹೆಸರು ಕುಸ್ತಿಯವರಿಗೆ ಸಿಕ್ಕಿತು. ಮುಂದಿನದು ಇನ್ನೂ ರುಚಿಯಾಗಿದೆ. ಅದೇ ಮೂರಕ್ಷರ 1961ರಿಂದ ಪಾಂಡಾ ಚಿಹ್ನೆಯ ವನ್ಯಜೀವಿ ನಿಧಿಯ ಹೆಸರೂ ಆಗಿತ್ತು. ಆ ಅಕ್ಷರಗಳನ್ನು ಮಿತಿಯಲ್ಲಿ ಬಳಸುತ್ತೇವೆಂದು ಕುಸ್ತಿಯವರು 1994ರಲ್ಲಿ ಬರೆದುಕೊಟ್ಟ ಒಪ್ಪಂದವನ್ನು ಮುರಿದಿದ್ದಾರೆಂದು ನಿಧಿಯವರು ಲಂಡನ್ನಿನ ಕೋರ್ಟಿಗೆ ಹೋಗಿ ಗೆದ್ದರು. 2002ರ ಮೇ ತಿಂಗಳಲ್ಲಿ ಕುಸ್ತಿ ಕಂಪನಿ ‘ಎಫ್’ ಕಳಚಿ ‘ಇ’ ಅಂಟಿಸಿಕೊಂಡು ಡಬ್ಲ್ಯುಡಬ್ಲ್ಯುಇ ಆಯಿತು. ಅಂಡರ್‌ಟೇಕರನಿಗೆ ಆಗದ್ದನ್ನು ಪಾಂಡಾ ಮಾಡಿತು.

ಇತ್ತ ಭಾರತದಲ್ಲಿ ಇದಕ್ಕೆಂದು ಪ್ರತ್ಯೇಕ ಕಾನೂನೇ ಇರಲಿಲ್ಲ. 1999ರ ಫೆಬ್ರವರಿಯಲ್ಲಿ ದೆಹಲಿ ಹೈಕೋರ್ಟಿನಲ್ಲಿ ಯಾಹೂ ಇಂಡಿಯಾ ಎಂಬ ಹೆಸರಿನ ಮೊಕದ್ದಮೆ ನಡೆಯಿತು. ಯಾಹೂ ಎನ್ನುವುದು ನಿಘಂಟಿನ ಪದ, ಇಂಟರ್ನೆಟ್ ಬಳಸುವವರು ವಿದ್ಯಾವಂತರು, ಅವರು ಮೋಸ ಹೋಗುವುದಿಲ್ಲ ಎಂಬ ವಾದವನ್ನು ಕೋರ್ಟು ಒಪ್ಪಲಿಲ್ಲ. ಅದೇ ವರ್ಷ ಮುಂಬಯಿಯಲ್ಲಿ ರೆಡಿಫ್‌ಗೆ ಎದುರಾಗಿ ಹುಟ್ಟಿದ ‘ರಾಡಿಫ್’ಗೂ ತಡೆ ಬಿತ್ತು. ಆ ವರ್ಷದ ಜ್ವರ ನೆನಪಿರುವವರಿಗೆ ಗೊತ್ತು: ಅಕ್ಟೋಬರಿನಲ್ಲಿ ಸತ್ಯಂ ಇನ್ಫೋವೇ ಅಮೆರಿಕದ ನಾಸ್ಡಾಕ್ ಪೇಟೆ ಸೇರಿದ ಮೊದಲ ಭಾರತೀಯ ಇಂಟರ್ನೆಟ್ ಕಂಪನಿಯಾಯಿತು, ಮುಂದಿನ ತಿಂಗಳೇ ಸಮಾಚಾರ್, ಖೇಲ್, ಖೋಜ್, ಬಾವರ್ಚಿ ಎಂಬ ತಾಣಗಳಿದ್ದ ಇಂಡಿಯಾವರ್ಲ್ಡ್ ಕಂಪನಿಯನ್ನು 499 ಕೋಟಿ ರೂಪಾಯಿಗೆ ಕೊಳ್ಳುವುದಾಗಿ ಪ್ರಕಟಿಸಿತು. ದಿನಬಳಕೆಯ ನಾಲ್ಕು ಪದಗಳಿಗೆ ಇಷ್ಟು ಬೆಲೆಯೇ ಎಂದು ಜನ ಬಾಯಿ ಬಿಟ್ಟರು.

ಆ ಸತ್ಯಂ ಇನ್ಫೋವೇ 1999ರ ಜೂನಿನಲ್ಲೇ ಸಿಫಿನೆಟ್, ಸಿಫಿಮಾಲ್ ಮುಂತಾದ ಹೆಸರುಗಳನ್ನು ನೋಂದಾಯಿಸಿಕೊಂಡಿತ್ತು. ಇಂಟರ್ನೆಟ್ ಮಾರ್ಕೆಟಿಂಗ್ ನಡೆಸುತ್ತಿದ್ದ ಎದುರಾಳಿ ಕಂಪನಿ ಸಿಫ್ಫಿನೆಟ್ ಹೆಸರುಗಳನ್ನು 2001 ಮತ್ತು 2002ರಲ್ಲಿ ಪಡೆದುಕೊಂಡಿತು. ಬೆಂಗಳೂರಿನ ಸಿವಿಲ್ ನ್ಯಾಯಾಲಯ ಮೊದಲು ಬಂದವರು ಸಿಫಿ, ಹೆಸರುಗಳು ಹೋಲುತ್ತವೆ, ಜನ ಗೊಂದಲಕ್ಕೆ ಬೀಳುತ್ತಾರೆ ಎಂದು ತಾತ್ಕಾಲಿಕ ತಡೆಯಾಜ್ಞೆ ಕೊಟ್ಟಿತು. ಕರ್ನಾಟಕ ಹೈಕೋರ್ಟು ಅದನ್ನು ತೆರವು ಮಾಡಿತು. ಎರಡು ಕಂಪನಿಗಳ ವ್ಯವಹಾರ ಬೇರೆ ಬೇರೆ. ಸಿಫ್ಫಿನೆಟ್‌ನವರು ಸಾಕಷ್ಟು ಬಂಡವಾಳ ಹಾಕಿದ್ದಾರೆ, ಸುಮಾರು 50,000 ಸದಸ್ಯರನ್ನು ಸೇರಿಸಿಕೊಂಡಿದ್ದಾರೆ. ತಡೆ ಕೊಟ್ಟರೆ ಅವರು ಮುಳುಗುತ್ತಾರೆ. ಸತ್ಯಂನವರಿಗಾದರೋ ಬೇರೆ ಹೆಸರೂ ಇದೆ. ಮೊದಲು ಬಂದರು ಎಂಬ ಒಂದೇ ಕಾರಣಕ್ಕೆ ಇನ್ನೊಬ್ಬರ ಕಷ್ಟವನ್ನು ಕಡೆಗಣಿಸಲಾಗದು ಎಂಬುದು ಹೈಕೋರ್ಟಿನ ದೃಷ್ಟಿ.

ಇದನ್ನು ಓದಿದಾಗ ನನಗೆ ನೆನಪಾದದ್ದು 1974ರ ಭೂಸುಧಾರಣೆ. ದೇವರಾಜ ಅರಸರ ಕಾಲದಲ್ಲಿ ತಾಲ್ಲೂಕು ತಾಲ್ಲೂಕಿಗೆ ಭೂ ನ್ಯಾಯಮಂಡಳಿಗಳು ಕೂತು, ದಾಖಲೆಯಲ್ಲಿ ಯಾರ ಹೆಸರಿದೆ ಎಂಬುದರ ಜೊತೆಗೆ ಗೇಣಿಗೆ ಉಳುತ್ತಿರುವವರು ಯಾರು ಎಂದು ಕೇಳಿದವು. ‘ಉಳುವವನೇ ಹೊಲದೊಡೆಯ’ ಎಂಬ ಘೋಷಣೆಯ ನೆಲದ ಹೈಕೋರ್ಟು, ಡೊಮೈನಿನ ಹೊಲದಲ್ಲೂ ಬೆವರಿಗೆ ಒಂದು ತೂಕ ಕೊಟ್ಟಿತೇನೋ ಎಂದು ನನಗನ್ನಿಸುತ್ತದೆ. ತೀರ್ಪಿನಲ್ಲಿ ಹಾಗೇನೂ ಬರೆದಿಲ್ಲ. ಇದು ನನ್ನ ಓದು ಮಾತ್ರ. ಹೋಲಿಕೆಗೆ ಮಿತಿಯೂ ಇದೆ. ಗೇಣಿದಾರ ಉಳುತ್ತಿದ್ದುದು ಒಡೆಯನೇ ಕೊಟ್ಟ ಹೊಲವನ್ನು. ಇಲ್ಲಿನ ಆಪಾದನೆ, ಪಕ್ಕದವನ ಬದುವನ್ನೇ ಒತ್ತಿ ಉತ್ತಿದ್ದಾರೆ ಎಂಬುದು.

2004ರ ಮೇ 6ರಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ರುಮಾ ಪಾಲ್ ಬರೆದ ತೀರ್ಪು ಈ ಬದುವನ್ನೇ ನೋಡಿತು. ಡೊಮೈನ್ ಹೆಸರು ಹುಟ್ಟಿದ್ದು ಕಂಪ್ಯೂಟರಿನ ವಿಳಾಸವಾಗಿ, ನಿಜ. ವ್ಯಾಪಾರ ಜಾಲಕ್ಕೆ ಬಂದ ಮೇಲೆ ಅದು ಅಂಗಡಿಯ ಬೋರ್ಡೂ ಆಯಿತು, ಹಾಗಾಗಿ ಟ್ರೇಡ್‌ಮಾರ್ಕಿನ ನಿಯಮಗಳು ಅದಕ್ಕೂ ಅನ್ವಯ. ಟ್ರೇಡ್‌ಮಾರ್ಕಿಗೆ ದೇಶದ ಗಡಿಯಿದೆ. ಡೊಮೈನಿಗೆ ಇಲ್ಲ, ಜಗತ್ತಿನಲ್ಲೆಲ್ಲ ಅದು ಒಂದೇ. ಪ್ರತ್ಯೇಕ ಕಾನೂನು ಇಲ್ಲದಿದ್ದರೂ, ತನ್ನ ಸರಕನ್ನು ಇನ್ನೊಬ್ಬನದೆಂಬಂತೆ ಸಾಗಹಾಕುವುದನ್ನು ತಡೆಯುವ ಹಳೆಯ ನ್ಯಾಯತತ್ವವೇ ಸಾಕು. ಇನ್ನು ಆ ಐದು ಅಕ್ಷರಗಳ ಕಥೆ? ಮೊದಲು ಹೆಸರನ್ನು ಆರಿಸಿ ಆಮೇಲೆ ಸಮರ್ಥನೆ ಹುಡುಕಿದಂತಿದೆ ಎಂದಿತು ಕೋರ್ಟು. ಹೆಸರಿನ ಆಯ್ಕೆಯೇ ಪ್ರಾಮಾಣಿಕವಲ್ಲ ಎಂದಾದ ಮೇಲೆ ಯಾರಿಗೆ ಹೆಚ್ಚು ಕಷ್ಟ ಎಂದು ತೂಗುವ ಪ್ರಶ್ನೆ ಉಳಿಯುವುದಿಲ್ಲ. ಇನ್ನೊಂದು ಹೆಸರು ಇದೆಯಲ್ಲ ಎಂಬ ಮಾತು ಇಬ್ಬರೂ ಪ್ರಾಮಾಣಿಕವಾಗಿ ಬಳಸುತ್ತಿದ್ದರೆ ಮಾತ್ರ ಹೊಂದೀತು. ಸಿವಿಲ್ ನ್ಯಾಯಾಲಯದ ತಡೆಯಾಜ್ಞೆ ಮರಳಿ ಜಾರಿಗೆ ಬಂತು.

ತೀರ್ಪು ಸರಿ ಎಂದೇ ನನ್ನ ಅಭಿಪ್ರಾಯ. ಆದರೂ ಆ 50,000 ಜನ ಮನಸ್ಸಿನಿಂದ ಹೋಗುವುದಿಲ್ಲ. ಹೆಸರಿನ ವ್ಯಾಜ್ಯದಲ್ಲಿ ವಾದಿ, ಪ್ರತಿವಾದಿ ಇಬ್ಬರೇ ಕಾಣುತ್ತಾರೆ. ಆ ಬೋರ್ಡನ್ನು ನಂಬಿ ಒಳಗೆ ಬಂದು ಕೂತವರು ‘ಗೊಂದಲಕ್ಕೆ ಬೀಳಬಹುದಾದ ಸಾರ್ವಜನಿಕರು’ ಎಂಬ ಪದಪುಂಜದಲ್ಲಿ ಕರಗಿಹೋಗುತ್ತಾರೆ. ಅಂದಹಾಗೆ, ಮೊಕದ್ದಮೆ ನಡೆಯುತ್ತಿದ್ದ ಕಾಲದಲ್ಲೇ ಕಂಪನಿ ‘ಸತ್ಯಂ’ ಎಂಬುದನ್ನು ಕೈಬಿಟ್ಟು ಸಿಫಿ ಲಿಮಿಟೆಡ್ ಎಂದು ಹೆಸರು ಬದಲಿಸಿಕೊಂಡಿತ್ತು. 2005ರಲ್ಲಿ ಸತ್ಯಂ ಕಂಪ್ಯೂಟರ್ಸ್ ಅದರಲ್ಲಿದ್ದ ತನ್ನ ಪಾಲನ್ನೂ ಮಾರಿತು. 2009ರ ಜನವರಿಯಲ್ಲಿ ಸತ್ಯಂ ಹಗರಣ ಸಿಡಿದಾಗ, ಇನ್ನೊಂದು ಹೆಸರು ಇದೆಯಲ್ಲ ಎಂಬ ಆ ಹಳೆಯ ಮಾತು ಸಿಫಿಯ ಯಾರಿಗಾದರೂ ನೆನಪಾಗಿದ್ದರೆ ಬೆವರಿರಬೇಕು.

ಡಾಟ್ ಇನ್ ಹೆಸರುಗಳಿಗೆ ನಮ್ಮದೇ ಪಂಚಾಯಿತಿ ಕಟ್ಟೆ ಬಂದದ್ದು 2005ರಲ್ಲಿ, ನಿಕ್ಸಿ ಸಂಸ್ಥೆಯ ಅಡಿಯಲ್ಲಿ. ಅದು ಐಕ್ಯಾನ್ ನೀತಿಯ ಅಚ್ಚಿನದೇ. ಆದರೆ ಒಂದು ಪದ ಬದಲಾಯಿತು: ಅಲ್ಲಿ ದುರುದ್ದೇಶದಿಂದ ನೋಂದಾಯಿಸಿ ‘ಮತ್ತು’ ಬಳಸಿರಬೇಕು, ಇಲ್ಲಿ ‘ಅಥವಾ’ ಸಾಕು. ಆ ಒಂದು ‘ಅಥವಾ’ದಿಂದ ದೂರುದಾರನ ಹೊರೆ ಎಷ್ಟೋ ಹಗುರಾಯಿತು. ವ್ಯಕ್ತಿಗಳ ಹೆಸರಿಗೂ ಕೋರ್ಟುಗಳು ರಕ್ಷಣೆ ಕೊಟ್ಟವು; 2011ರಲ್ಲಿ ದೆಹಲಿ ಹೈಕೋರ್ಟು ಅರುಣ್ ಜೇಟ್ಲಿಯವರಿಗೆ ಅವರದೇ ಹೆಸರಿನ ಡಾಟ್ ಕಾಂ ಕೊಡಿಸಿತು. ಅಷ್ಟು ಪ್ರಸಿದ್ಧಿ ಇಲ್ಲದ ಅದೇ ಹೆಸರಿನ ಇನ್ನೊಬ್ಬರು ಮೊದಲೇ ಬಂದು ಕೂತಿದ್ದರೆ ಏನಾಗುತ್ತಿತ್ತು ಎಂಬ ಪ್ರಶ್ನೆ ಅಲ್ಲೇ ಇದೆ.

ಈಗ ಕನ್ನಡ ಲಿಪಿಯಲ್ಲೇ ಡೊಮೈನ್ ಹೆಸರು ಪಡೆಯಬಹುದು, ಕೊನೆಯಲ್ಲಿ ಡಾಟ್ ಭಾರತ ಎಂದು. ಹೊಸ ಲಿಪಿಯ ಜೊತೆ ಹೊಸ ಬದುವಿನ ಜಗಳವೂ ಬಂತು. ಕನ್ನಡದ ಗ, ರ, ಲ ಮತ್ತು ತೆಲುಗಿನ ಅವೇ ಅಕ್ಷರಗಳು ಕಣ್ಣಿಗೆ ಹೆಚ್ಚುಕಡಿಮೆ ಒಂದೇ. ಕಂಪ್ಯೂಟರಿಗೆ ಮಾತ್ರ ಬೇರೆ ಬೇರೆ. ಕನ್ನಡದಲ್ಲಿ ಒಬ್ಬ, ತೆಲುಗಿನಲ್ಲಿ ಇನ್ನೊಬ್ಬ ಒಂದೇ ಬಗೆಯಾಗಿ ಕಾಣುವ ಹೆಸರು ಪಡೆದರೆ ಸಿಫಿಗೂ ಸಿಫ್ಫಿಗೂ ಇದ್ದ ಒಂದು ‘ಎಫ್’ನ ವ್ಯತ್ಯಾಸವೂ ಅಲ್ಲಿರುವುದಿಲ್ಲ. ಡಾಟ್‌ನ ನಂತರ ಬರುವ ತುದಿ ಹೆಸರುಗಳಿಗೆ ನಿಯಮ ಮಾಡುವಾಗ ಐಕ್ಯಾನ್‌ನ ಲಿಪಿ ತಜ್ಞರು ಇಂಥ ಜೋಡಿ ಅಕ್ಷರಗಳ ಪಟ್ಟಿ ಮಾಡಿ, ಒಂದು ಲಿಪಿಯ ಹೆಸರು ಹೋದರೆ ಇನ್ನೊಂದು ಲಿಪಿಯ ಅದರ ಅವಳಿಗೆ ಬೀಗ ಬೀಳುವಂತೆ ಮಾಡಿದ್ದಾರೆ. ಸರ್ಕಾರದ ಎರಡು ಹೆಸರುಗಳು ಮಾತ್ರ ಡಿಕ್ಕಿ ಹೊಡೆಯಲಿಲ್ಲ. ತೆಲುಗಿನವರು ಕೊನೆಗೆ ಹಲಂತ ಇಟ್ಟು ‘ಭಾರತ್’ ಎಂದರು, ನಮ್ಮದು ‘ಭಾರತ’.